ಬ್ರೇಕಿನ ಮೇಲಿದ್ದ ಕಾಲು

ಸುಳ್ಳು ಕಟ್ಟುವವನು ಕಥೆಯಲ್ಲಿ ತನಗೊಂದು ಒಳ್ಳೆಯ ಜಾಗ ಇಟ್ಟುಕೊಂಡಿರುತ್ತಾನೆ. ಆನೆಯನ್ನು ಓಡಿಸಿದೆ, ದೆವ್ವಕ್ಕೆ ಬೈದು ಕಳಿಸಿದೆ... ಹೀಗೆ ಏನಾದರೊಂದು. ನಾನು ಹೇಳಲಿರುವುದರಲ್ಲಿ ನನಗೆ ಅಂಥ ಜಾಗವೇ ಇಲ್ಲ. ಇದನ್ನು ಓದಿ ಮುಗಿಸಿದ ಮೇಲೆ ನೀವು ನನ್ನ ಬಗ್ಗೆ ಏನಂದುಕೊಳ್ಳುತ್ತೀರಿ ಎಂಬುದೂ ಗೊತ್ತು. ಗೊತ್ತಿದ್ದೂ ಹೇಳುತ್ತಿದ್ದೇನೆ. ಇದು ನಡೆದದ್ದು.

ನಾನು ನಾಗೇಶ, ಮೆಕ್ಯಾನಿಕ್. ಹೊಸೂರಿನಿಂದ ಬಾಗಲೂರಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಶೆಡ್ಡು ಇದೆ. ಕೊತ್ತಂಬರಿ, ಎಲೆಕೋಸು, ಗುಲಾಬಿ ಹೊರುವ ಪಿಕಪ್ ಗಾಡಿಗಳೇ ನನ್ನ ಗಿರಾಕಿಗಳು. ಕೆಲಸ ಚೆನ್ನಾಗಿ ಬರುತ್ತದೆ. ಬಾಯಿ ಅದಕ್ಕಿಂತ ಚೆನ್ನಾಗಿ ಬರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಿರುತ್ತಾಳೆ. ಮೊದಲೆಲ್ಲ ಈ ಮಾತಿಗೆ ನಗುತ್ತಿದ್ದೆ.

ಆ ರಾತ್ರಿ ಕೆಟ್ಟು ನಿಂತ ಗಾಡಿ ನನ್ನ ಭಾವ ಮುನಿರಾಜು ಅವರದು. ಅಂದರೆ ನನ್ನ ಅಕ್ಕ ಗೌರಮ್ಮನ ಗಂಡ. ಊರು ಬೇರಿಕೆ. ಹೊಲವೂ ಇದೆ, ಗಾಡಿಯೂ ಇದೆ. ಸಂತೆ ದಿನ ತರಕಾರಿ ಲೋಡು ಹೊಡೆಯುತ್ತಾರೆ, ಉಳಿದ ದಿನ ಯಾರು ಕರೆದರೂ ಹೋಗುತ್ತಾರೆ. ಯಾರನ್ನೂ ಗದರಿಸಿ ಮಾತನಾಡಿದ ಮನುಷ್ಯನಲ್ಲ. ನಾನು ಹತ್ತು ಮಾತು ಆಡಿದರೆ ಅವರು ಒಂದು ಆಡಿ, ಅದಕ್ಕೂ ತಾವೇ ನಕ್ಕು ಸುಮ್ಮನಾಗುವವರು. ಅಪ್ಪ ಹೋದ ಮೇಲೆ ನನಗೆ ಸ್ಪ್ಯಾನರ್ ಸೆಟ್ ತೆಗೆಸಿಕೊಟ್ಟು ಶೆಡ್ಡಿನಲ್ಲಿ ಕೂರಿಸಿದವರು ಇವರೇ.

ಈಗ ಸ್ವಲ್ಪ ಗಾಡಿಯ ವಿಷಯ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮುಂದಿರುವ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಸಾಗಿಸುವುದು ಗಾಡಿಯ ಹೊಟ್ಟೆಯ ಕೆಳಗೆ ತಿರುಗುವ ಒಂದು ಕಬ್ಬಿಣದ ಕೊಳವೆ. ನಾವು ಶಾಫ್ಟ್ ಎನ್ನುತ್ತೇವೆ. ಭಾವನದು ಉದ್ದದ ಪಿಕಪ್. ಉದ್ದದ ಗಾಡಿಗೆ ಕಂಪನಿಯವರು ಶಾಫ್ಟನ್ನು ಎರಡು ತುಂಡು ಮಾಡಿ, ಮಧ್ಯದಲ್ಲಿ ಒಂದು ಬೇರಿಂಗ್ ಕೊಟ್ಟು ತೂಗು ಹಾಕಿರುತ್ತಾರೆ. ಲೋಡು ಜಾಸ್ತಿಯಾದರೆ ಮೊದಲು ಸಾಯುವುದು ಆ ಬೇರಿಂಗೇ. ಭಾವನ ಗಾಡಿಯಲ್ಲಿ ಅದು ಮೇಲಿಂದ ಮೇಲೆ ಹೋಗುತ್ತಿತ್ತು.

"ಈ ಎರಡು ತುಂಡಿನ ಸಾವಾಸನೇ ಬ್ಯಾಡ ಭಾವ, ಒಂದೇ ಪೀಸ್ ಮಾಡಿ ಹಾಕ್ಬುಡ್ತೀನಿ" ಎಂದೆ. ಲೇತ್ ಅಂಗಡಿಯಲ್ಲಿ ಉದ್ದದ ಕೊಳವೆ ಕತ್ತರಿಸಿ, ವೆಲ್ಡಿಂಗ್ ಮಾಡಿಸಿ, ಬಣ್ಣ ಹೊಡೆದು ಕೂರಿಸಿದೆ. ಅಷ್ಟು ಉದ್ದದ ಕೊಳವೆ ವೇಗದಲ್ಲಿ ಬಳುಕುತ್ತದೆ ಎಂದು ಪಕ್ಕದ ಶೆಡ್ಡಿನವರು ಹೇಳಿದರು. ಅವರಿಗೆ ಹೊಟ್ಟೆಯುರಿ ಎಂದುಕೊಂಡೆ. ಬಂದ ಡ್ರೈವರುಗಳನ್ನೆಲ್ಲ ಆ ಗಾಡಿಯಡಿ ಬಗ್ಗಿಸಿ, ಟಾರ್ಚ್ ಬಿಟ್ಟು ತೋರಿಸಿದೆ. ಕಂಪನಿಯ ಇಂಜಿನಿಯರಿಗೂ ಇದು ಹೊಳೆದಿಲ್ಲ ನೋಡಿ ಎಂದು ಬೇರೆ ಹೇಳುತ್ತಿದ್ದೆ.

ಬೇಸಿಗೆ ಹುಟ್ಟುವ ಹೊತ್ತು. ಭಾವ ನಾಟ್ರಾಂಪಾಳ್ಯದಿಂದ ಹುಣಸೆಹಣ್ಣು ತರಲು ಹೋಗಿದ್ದರು. ಹೊತ್ತು ಇಳಿಯುವಾಗ ಫೋನು ಬಂತು. ಸಿಗ್ನಲ್ ಸಿಗುವ ಜಾಗ ಹುಡುಕಿಕೊಂಡು ಒಂದಷ್ಟು ದೂರ ನಡೆದು ಬಂದಿದ್ದರೆಂದು ಕಾಣುತ್ತದೆ, ಏದುಸಿರು ಬಿಡುತ್ತಿದ್ದರು.

"ನಾಗೇಸ, ನಿನ್ ಶಾಫ್ಟು ಮುರ್ಕೊಂಡು ಬಿತ್ತು ಕಣ್ಲಾ. ಅಂಚೆಟ್ಟಿ ಕಡೆ ಏರು ಹತ್ತಿಸ್ತಿದ್ದೆ. ಅಡೀಲಿ ಢಮಾರ್ ಅಂತು. ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಸಿದ್ದೀನಿ."

ನಿನ್ನ ಶಾಫ್ಟು ಎಂದರು. ಅವರು ಸಹಜವಾಗಿಯೇ ಅಂದದ್ದು, ನನಗೆ ಚುಚ್ಚಿತು.

"ಯಾರಾದ್ರೂ ನೋಡಿದ್ರಾ?" ಎಂದು ಕೇಳಿದೆ. ನಿಮಗೇನಾದರೂ ಆಯಿತಾ ಎಂದು ಕೇಳಲಿಲ್ಲ. ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಹಳೆಯ ಎರಡು ತುಂಡಿನ ಶಾಫ್ಟು ಶೆಡ್ಡಿನ ಮೂಲೆಯಲ್ಲೇ ಇತ್ತು. ಅದಕ್ಕೊಂದು ಹೊಸ ಬೇರಿಂಗ್ ಹಾಕಿ, ಬೈಕಿನ ಪಕ್ಕಕ್ಕೆ ಉದ್ದಕ್ಕೆ ಕಟ್ಟಿ, ಮೇಲೆ ಗೋಣಿಚೀಲ ಸುತ್ತಿ ಹೊರಟೆ. ಯಾರು ಕೇಳಿದರೂ ನೀರಿನ ಪೈಪು ಎಂದು ಹೇಳುವುದೆಂದು ತೀರ್ಮಾನ ಮಾಡಿಕೊಂಡಿದ್ದೆ. ಡೆಂಕಣಿಕೋಟೆ ದಾಟುವಾಗ ಕತ್ತಲಾಯಿತು. ಅಂಚೆಟ್ಟಿಯಲ್ಲಿ ಟೀ ಕುಡಿದೆ. ಅಂಗಡಿಯವನು ನನ್ನ ಬೈಕು ನೋಡಿ ತಮಿಳಿನಲ್ಲಿ "ಇಂದ ನೇರತ್ತುಲ ಕಾಟ್ಟುಕ್ಕಾ? ಯಾನೈ ಇರುಕ್ಕು, ಪಾತ್ತು ಪೋ" ಎಂದ. ಈ ಹೊತ್ತಿನಲ್ಲಿ ಕಾಡಿಗಾ, ಆನೆ ಇದೆ, ನೋಡಿಕೊಂಡು ಹೋಗು ಎಂದು. ನಮ್ಮ ಕಡೆಯ ರಸ್ತೆಗಳಲ್ಲಿ ಆನೆಯ ಮಾತು ದಿನಾ ಇದ್ದದ್ದೇ. ತಲೆಯಾಡಿಸಿ ಹೊರಟೆ.

ಆಮೇಲೆ ಕಾಡು. ರಸ್ತೆ ಸುತ್ತಿ ಸುತ್ತಿ ಇಳಿಯುತ್ತದೆ. ಒಣಗಿದ ಎಲೆಯ ವಾಸನೆ, ಎಲ್ಲೋ ದೂರದಲ್ಲಿ ಬೆಂಕಿ ಬಿದ್ದ ಹುಲ್ಲಿನ ವಾಸನೆ. ಜೀರುಂಡೆಗಳ ಸದ್ದು ಬೈಕಿನ ಸದ್ದಿಗಿಂತ ಜೋರಾಗಿತ್ತು. ಒಂದು ತಿರುವು ದಾಟಿದಾಗ ಹುಣಸೆಹಣ್ಣಿನ ಹುಳಿ ವಾಸನೆ ಮೂಗಿಗೆ ಬಂತು. ಗಾಡಿ ಕಣ್ಣಿಗೆ ಬಿದ್ದದ್ದು ಅದಾದ ಮೇಲೆ.

ಮೂತಿ ಏರಿನ ಕಡೆಗೆ, ಹಿಂಭಾಗ ಇಳಿಜಾರಿಗೆ. ಹಿಂದಿನ ಎರಡೂ ಚಕ್ರಕ್ಕೆ ಎರಡು ದೊಡ್ಡ ಕಲ್ಲು. ಭಾವ ಬಾನೆಟ್ಟಿಗೆ ಒರಗಿ ಬೀಡಿ ಸೇದುತ್ತಿದ್ದರು.

"ಉಂಡ್ಯಾ?" ಎಂದರು. ಮೊದಲ ಮಾತು ಅದೇ.

"ಉಂಡೆ" ಎಂದು ಸುಳ್ಳು ಹೇಳಿ ಗಾಡಿಯಡಿ ಟಾರ್ಚ್ ಬಿಟ್ಟೆ. ನನ್ನ ಒಂದೇ ಪೀಸಿನ ಶಾಫ್ಟು ವೆಲ್ಡಿಂಗ್ ಜಾಗದಲ್ಲಿ ಹರಿದು, ಬಾಗಿ, ರಸ್ತೆಯ ಮೇಲೆ ಬಿದ್ದಿತ್ತು. ನಾನು ಹೊಡೆದಿದ್ದ ಬಣ್ಣ ಮಾತ್ರ ಹೊಸದಾಗಿ ಹೊಳೆಯುತ್ತಿತ್ತು.

"ಈಗ ಬ್ಯಾಡ ಬಿಡ್ಲಾ" ಎಂದರು ಭಾವ. "ಗಾಡಿ ಒಳಗೇ ಮಲ್ಕೊಳಾನ. ಬೆಳಿಗ್ಗೆ ಬೆಳಕಲ್ಲಿ ಮಾಡಾನ. ನಾನೂ ನಿನ್ನೆಯಿಂದ ಕಣ್ಣು ಮುಚ್ಚಿಲ್ಲ."

ಅವರ ಮಾತು ಸರಿಯಾಗಿತ್ತು. ಆದರೆ ಬೆಳಿಗ್ಗೆ ಮೊದಲ ಬಸ್ಸು ಇದೇ ರಸ್ತೆಯಲ್ಲಿ ಬರುತ್ತದೆ. ಹಾಲಿನ ಗಾಡಿ ಬರುತ್ತದೆ. ಆ ಡ್ರೈವರುಗಳನ್ನೆಲ್ಲ ಇದೇ ಗಾಡಿಯಡಿ ಬಗ್ಗಿಸಿ ತೋರಿಸಿದವನು ನಾನು. ಅವರು ಇಳಿದು ಬಂದು ಈ ಮುರಿದ ಶಾಫ್ಟನ್ನು ಕಾಲಿನಿಂದ ಉರುಳಿಸಿ ನೋಡುವುದನ್ನು ನೆನೆಸಿಕೊಂಡೇ ನನಗೆ ಕಿವಿ ಬಿಸಿಯಾಯಿತು.

"ಒಂದೇ ಗಂಟೆ ಕೆಲ್ಸ ಭಾವ. ನೀವು ಬ್ರೇಕ್ ತುಳ್ಕೊಂಡು ಕೂತ್ಕೊಳ್ಳಿ ಸಾಕು" ಎಂದೆ.

ಅವರು ಹತ್ತಿ ಕೂತರು. ನಾನು ಮುರಿದ ಶಾಫ್ಟಿನ ಉಳಿದ ತುದಿಗಳನ್ನು ಬಿಚ್ಚಿ, ಅದನ್ನು ಎಳೆದು ಪೊದೆಯೊಳಗೆ ತಳ್ಳಿ, ಮೇಲೆ ಸೊಪ್ಪು ಮುಚ್ಚಿದೆ. ಕೆಲಸಕ್ಕಿಂತ ಮೊದಲು ಮಾಡಿದ್ದು ಅದು.

ಶಾಫ್ಟ್ ಇಲ್ಲದ ಗಾಡಿಯನ್ನು ಗೇರ್ ಹಿಡಿದು ನಿಲ್ಲಿಸುವುದಿಲ್ಲ. ಹಗ್ಗ ಬಿಚ್ಚಿದ ಎಮ್ಮೆಗೆ ಗೂಟ ಎಷ್ಟು ಗಟ್ಟಿಯಿದ್ದರೇನು? ಚಕ್ರಕ್ಕೂ ಇಂಜಿನ್ನಿಗೂ ಸಂಬಂಧವೇ ಇರುವುದಿಲ್ಲ. ಹ್ಯಾಂಡ್‌ಬ್ರೇಕಿನ ವೈರು ಕಿತ್ತುಹೋಗಿತ್ತು. ನಾಳೆ ಹಾಕುತ್ತೇನೆ, ನಾಳೆ ಹಾಕುತ್ತೇನೆ ಎಂದು ನಾನೇ ಮುಂದೂಡಿದ್ದೆ. ಹಾಗಾಗಿ ಆ ಗಾಡಿಯನ್ನು ಇಳಿಜಾರಿನಲ್ಲಿ ಹಿಡಿದಿದ್ದು ಎರಡೇ. ಚಕ್ರದ ಕಲ್ಲು, ಭಾವನ ಕಾಲು.

ಅದರಲ್ಲಿ ಕಲ್ಲನ್ನು ನಾನೇ ತೆಗೆದೆ.

ಯಾಕೆಂದು ಹೇಳುತ್ತೇನೆ. ಹಿಂದಿನ ತುಂಡನ್ನು ಚಕ್ರದ ಕಡೆಗೆ ಕೂರಿಸಿ ಬೋಲ್ಟ್ ಹಾಕುವಾಗ ಕೆಳಗಿನ ಬೋಲ್ಟುಗಳು ಕೈಗೆ ಸಿಗುತ್ತವೆ, ಮೇಲಿನವು ಸಿಗುವುದಿಲ್ಲ. ಅವು ಕೆಳಗೆ ಬರಬೇಕೆಂದರೆ ಚಕ್ರ ಸ್ವಲ್ಪ ತಿರುಗಬೇಕು. ಜಾಕ್ ಕೊಟ್ಟು ಒಂದು ಚಕ್ರ ಎತ್ತುವುದು ಸರಿಯಾದ ದಾರಿ. ಏರಿನಲ್ಲಿ, ಲೋಡಿನ ಗಾಡಿಗೆ ಜಾಕ್ ಜಾರುತ್ತದೆ. ಅದಕ್ಕೆ ನಾವು ರಸ್ತೆಯ ಮೆಕ್ಯಾನಿಕ್‌ಗಳು ಒಂದು ಅಡ್ಡದಾರಿ ಮಾಡಿಕೊಂಡಿದ್ದೇವೆ. ಬ್ರೇಕಿನ ಮೇಲಿದ್ದವರಿಗೆ "ಒಂದು ಗೇಣು ಬಿಡಿ" ಎನ್ನುವುದು. ಗಾಡಿ ಒಂದು ಗೇಣು ಹಿಂದಕ್ಕೆ ಉರುಳುತ್ತದೆ. "ಹಿಡೀರಿ" ಎಂದರೆ ನಿಲ್ಲುತ್ತದೆ. ನಾವು ಅಡಿಯಲ್ಲೇ ಮಲಗಿರುತ್ತೇವೆ. ಕಲ್ಲನ್ನು ಎರಡು ಅಡಿ ಹಿಂದಕ್ಕೆ ಇಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಆತುರದಲ್ಲಿ ಎರಡನ್ನೂ ಉರುಳಿಸಿಕೊಂಡು ಹೋಗಿ ಹಿಂದೆ ರಸ್ತೆಯಂಚಿಗೆ ಬಿಟ್ಟೆ. ಆಮೇಲೆ ತಂದಿಡೋಣ ಎಂದುಕೊಂಡೆ.

ಅಡಿಯಲ್ಲಿ ಮಲಗಿದ ಮೇಲೆ ಮಾತನಾಡುತ್ತಲೇ ಇರಬೇಕು. ಅದೂ ನಮ್ಮ ಕೆಲಸದ ಪದ್ಧತಿಯೇ. ಬ್ರೇಕಿನ ಮೇಲಿರುವವರು ತೂಕಡಿಸಬಾರದಲ್ಲ. ನಾನು ಕೇಳುವುದು, ಭಾವ ಮೇಲಿಂದ ಹೇಳುವುದು ಹೀಗೆ ನಡೆದಿತ್ತು. ನಾಟ್ರಾಂಪಾಳ್ಯದಲ್ಲಿ ಆನೆ ಯಾರದೋ ಬಾಳೆ ತಿಂದದ್ದು, ಅಕ್ಕನಿಗೆ ಮಂಡಿ ನೋವು, ಈ ಸಲ ರಾಗಿ ಚೆನ್ನಾಗಿ ಬಂದದ್ದು. ಅವರ ಬೀಡಿ ವಾಸನೆ ಆಗಾಗ ಕೆಳಗೆ ಇಳಿದು ಬರುತ್ತಿತ್ತು. ಬ್ರೇಕಿನ ಕೆಂಪು ದೀಪ ಹಿಂದಿನ ರಸ್ತೆಯ ಮೇಲೆ ಹರಡಿಕೊಂಡಿತ್ತು.

ಒಂದು ಸಲ ಬಾಗಿಲು ತೆರೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಹಾಕಿಕೊಂಡಿತು. ಗಾಡಿ ಅಲುಗಲಿಲ್ಲ. ಬೀಡಿ ಎಸೆದು ಉಗುಳಿರಬೇಕು ಎಂದುಕೊಂಡೆ. ಆಗ ನನ್ನ ಎರಡೂ ಕೈ ಶಾಫ್ಟಿನ ಭಾರ ಹಿಡಿದಿದ್ದವು.

"ಕಾಲ್ ಹುಷಾರು ಭಾವ" ಎಂದೆ.

"ಹೂಂ."

ಕೆಳಗಿನ ಬೋಲ್ಟುಗಳನ್ನು ಬಿಗಿ ಮಾಡಿದೆ. ಇನ್ನು ಮೇಲಿನವು.

"ಒಂದು ಗೇಣು ಬಿಡಿ."

ಗಾಡಿ ಉರುಳಿತು... ಸರಿಯಾಗಿ ಒಂದು ಗೇಣು. ನಾನು ಹಿಡೀರಿ ಎನ್ನುವುದಕ್ಕೂ ಮೊದಲೇ ನಿಂತಿತು. ಬೋಲ್ಟು ಬಂದು ನನ್ನ ಸ್ಪ್ಯಾನರಿನ ಎದುರಿಗೇ ನಿಂತಿತ್ತು.

ಈ ಕೆಲಸವನ್ನು ಎಷ್ಟೋ ಜನರನ್ನು ಕೂರಿಸಿ ಮಾಡಿದ್ದೇನೆ. ಯಾರು ಬಿಟ್ಟರೂ ಗಾಡಿ ಒಮ್ಮೆ ಕುಕ್ಕುತ್ತದೆ, ಒಂದು ಗೇಣು ಎಂದರೆ ಒಂದು ಮೊಳ ಹೋಗುತ್ತದೆ, ನಾವು ಬೈಯುತ್ತೇವೆ. ಭಾವನೂ ಹಾಗೆಯೇ. ಅವತ್ತು ಮಾತ್ರ ಬೆಣ್ಣೆಯ ಮೇಲೆ ಜಾರಿದ ಹಾಗೆ ಬಂದು ನಿಂತಿತು.

"ಏನ್ ಭಾವ, ಇವತ್ತು ಒಳ್ಳೆ ಕೈ ಕುದುರಿದೆ ನಿಮಗೆ" ಎಂದು ತಮಾಷೆ ಮಾಡಿದೆ. ಕಾಲು ಎನ್ನಬೇಕಿತ್ತು.

"ಹೂಂ."

"ಇನ್ನೊಂದು ಅರ್ಧ ಗೇಣು."

ಅರ್ಧ ಗೇಣು ಬಂತು. ನಿಂತಿತು.

ಆಗ ನನಗೆ ಜೀರುಂಡೆಗಳ ಸದ್ದು ಇಲ್ಲವೆಂದು ಗೊತ್ತಾಯಿತು. ಯಾವಾಗ ನಿಂತಿತೋ ತಿಳಿಯದು. ಬೀಡಿ ವಾಸನೆಯೂ ಇರಲಿಲ್ಲ. ಅದರ ಬದಲು ಬೇರೊಂದು ವಾಸನೆ ಕೆಳಗೆ ಇಳಿಯುತ್ತಿತ್ತು. ಆರಿದ ಒಲೆಯ ಬೂದಿಗೆ ನೀರು ಚೆಲ್ಲಿದರೆ ಬರುತ್ತದಲ್ಲ, ಆ ವಾಸನೆ. ಬ್ರೇಕಿನ ಲೈನರ್ ಬಿಸಿಯಾಗಿದೆಯೇ ಎಂದು ಚಕ್ರ ಮುಟ್ಟಿ ನೋಡಿದೆ. ತಣ್ಣಗಿತ್ತು.

"ಭಾವ, ಏನಾದ್ರೂ ವಾಸ್ನೆ ಬತ್ತಾ ಇದೆಯಾ?"

"ಹೂಂ."

"ಏನ್ ವಾಸ್ನೆ?"

"ಹೂಂ."

ನಿದ್ದೆಗಣ್ಣಿನಲ್ಲಿ ಹೂಂಗುಟ್ಟುತ್ತಿದ್ದಾರೆ ಎಂದು ನನಗೆ ಕೋಪ ಬಂತು. ನಾನು ಅಡಿಯಲ್ಲಿ ಬಿದ್ದಿದ್ದೇನೆ, ಇವರಿಗೆ ನಿದ್ದೆ. ಹಿಂದಿನ ತುಂಡು ಕೂತಿತ್ತು. ಮುಂದಿನ ತುಂಡು, ಮಧ್ಯದ ಬೇರಿಂಗ್ ಇನ್ನೂ ಬೈಕಿನ ಪಕ್ಕದಲ್ಲಿದ್ದವು. ಅದನ್ನು ತರುವ ನೆಪದಲ್ಲಿ ಹೋಗಿ ಇವರ ಮುಖಕ್ಕೆ ನೀರು ಚಿಮುಕಿಸಬೇಕು ಎಂದುಕೊಂಡು, ಬಲಗಡೆಯಿಂದ, ಡ್ರೈವರ್ ಬಾಗಿಲಿನ ಅಡಿಯಿಂದಲೇ ತೆವಳಿ ಹೊರಗೆ ಬಂದೆ.

ಕೆಂಪು ದೀಪ ಉರಿಯುತ್ತಿತ್ತು. ಕಿಟಕಿಯಲ್ಲಿ ಭಾವನ ತಲೆ ಕಾಣಲಿಲ್ಲ. ಸ್ಟೇರಿಂಗ್ ಮೇಲೆ ಒರಗಿರಬೇಕು.

ಬಾಗಿಲು ತೆರೆದೆ. ಮೊಬೈಲಿನ ಟಾರ್ಚ್ ಬಿಟ್ಟೆ.

ಸೀಟಿನಲ್ಲಿ ಯಾರೂ ಇರಲಿಲ್ಲ.

ಸೀಟಿನ ರೆಕ್ಸಿನ್ ಮಾತ್ರ ಒಳಕ್ಕೆ ಕುಸಿದಿತ್ತು, ಯಾರೋ ಕೂತಿರುವಾಗ ಹೇಗಿರುತ್ತದೋ ಹಾಗೆ. ಟಾರ್ಚನ್ನು ಕೆಳಗೆ ಬಿಟ್ಟೆ. ಬ್ರೇಕ್ ಪೆಡಲ್ ತಳಕ್ಕೆ ಒತ್ತಿಕೊಂಡಿತ್ತು. ಅದರ ಮೇಲೆ ಕಲ್ಲಿಲ್ಲ, ಕೋಲಿಲ್ಲ, ಹಗ್ಗವಿಲ್ಲ. ಒಲೆಯ ಬೂದಿಯ ವಾಸನೆ ಮುಖಕ್ಕೆ ರಾಚಿತು.

"ಭಾವಾ..." ಎಂದೆ.

ಎರಡು ಕಡೆಯಿಂದ ಉತ್ತರ ಬಂತು. ಗಾಡಿಯ ಹಿಂದೆ, ರಸ್ತೆಯಂಚಿನಿಂದ, ನಿದ್ದೆಯಿಂದ ಎದ್ದ ಭಾವನ ದನಿ, "ಏನ್ಲಾ?" ಎಂದಿತು. ನನ್ನ ಮುಖದ ಎದುರಿಗೆ, ಖಾಲಿ ಸೀಟಿನಿಂದ, "ಹೂಂ" ಎಂದಿತು.

ಆಮೇಲೆ ಪೆಡಲ್ ಮೇಲೇಳಲು ಶುರುವಾಯಿತು.

ಇಲ್ಲಿಯವರೆಗಿನದನ್ನು ನಾನು ಅಂಜಿಕೆಯಿಂದ ಹೇಳಿದೆ. ಇನ್ನು ಮುಂದಿನದನ್ನು ನಾಚಿಕೆಯಿಂದ ಹೇಳುತ್ತಿದ್ದೇನೆ. ಪೆಡಲ್ ಥಟ್ಟನೆ ಮೇಲೇಳಲಿಲ್ಲ. ನಿಧಾನವಾಗಿ, ನನಗೆ ಹೊತ್ತು ಕೊಟ್ಟು, ಒಂದೊಂದೇ ಬೆರಳಿನಷ್ಟು ಎದ್ದಿತು. ಭಾವ ಗಾಡಿಯ ಹಿಂದೆ ಇದ್ದಾರೆಂದು ನನಗೆ ಗೊತ್ತಿತ್ತು. ಚಕ್ರಕ್ಕೆ ಕಲ್ಲಿಲ್ಲ ಎಂದು ಗೊತ್ತಿತ್ತು. ಮಾಡಬೇಕಾದದ್ದು ಏನೆಂದು ಈ ಕೆಲಸ ಮಾಡುವವರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದು ಕಾಲನ್ನು ಒಳಗೆ ಚಾಚಿ ಪೆಡಲ್ ತುಳಿಯುವುದು. ಕಣ್ಣು ಮಿಟುಕಿಸುವಷ್ಟರ ಕೆಲಸ.

ನಾನು ಕಾಲೆತ್ತಿದೆ. ಒಳಗೂ ಚಾಚಿದೆ.

ಪೆಡಲಿನ ಮೇಲೆ ಖಾಲಿ ಇದೆ ಎಂದು ನನ್ನ ಕಣ್ಣು ಹೇಳುತ್ತಿತ್ತು. ಅಲ್ಲಿ ಇನ್ನೊಂದು ಕಾಲು ಇದೆ ಎಂದು ನನ್ನ ಕಾಲಿಗೆ ಗೊತ್ತಿತ್ತು. ಪೆಡಲಿಗೆ ಇನ್ನು ಒಂದು ಗೇಣು ಇರುವಾಗ ಹಿಮ್ಮಡಿಗೆ ತಣ್ಣಗೆ ತಾಗಿದ ಹಾಗಾಯಿತು. ತಾಗಿತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ನಾನು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ. ಬಾಗಿಲು ಬಿಟ್ಟು ರಸ್ತೆಗೆ ಹಾರಿದೆ. ಗಾಡಿ ನನ್ನ ಮುಂದೆಯೇ ಹಿಂದಕ್ಕೆ ಹೋಯಿತು. ಬಾಗಿಲು ತೆರೆದೇ ಇತ್ತು, ನಾನು ಎರಡು ಹೆಜ್ಜೆ ಓಡಿದ್ದರೂ ಹತ್ತಬಹುದಿತ್ತು. ನಿಂತು ನೋಡಿದೆ.

"ಭಾವಾ, ಏಳಿ" ಎಂದು ಕೂಗಿದ್ದು ಆಮೇಲೆ. ತುಂಬ ತಡವಾಗಿತ್ತು.

ಅವರು ನಾನು ಉರುಳಿಸಿ ಬಿಟ್ಟಿದ್ದ ಕಲ್ಲಿನ ಮೇಲೆ ಕೂತಿದ್ದರು. ಪೂರ್ತಿ ಏಳುವುದರೊಳಗೆ ಗಾಡಿ ಓರೆಯಾಗಿ ಬಂದು, ಅವರ ಎಡಗಾಲನ್ನು ಕಲ್ಲಿಗೂ ತನಗೂ ನಡುವೆ ಸಿಕ್ಕಿಸಿಕೊಂಡು ನಿಂತಿತು. ಭಾವ ಕಿರುಚಲಿಲ್ಲ. ಒಣ ಸೌದೆ ಮುರಿದ ಸದ್ದಾಯಿತು, ಅಷ್ಟೇ. ಮರುಕ್ಷಣ ಜೀರುಂಡೆಗಳೆಲ್ಲ ಒಟ್ಟಿಗೆ ಕೂಗಲು ಶುರುಮಾಡಿದವು.

ಗಾಡಿಗೆ ಸಣ್ಣ ಕಲ್ಲುಗಳನ್ನು ಕೊಟ್ಟು, ಜಾಕ್ ಹಾಕಿ, ಅವರ ಕಾಲು ಬಿಡಿಸಿದೆ. ಆಗ ಕೆಲಸ ಮಾಡುವ ಕೈ ವಾಪಸು ಬಂದಿತ್ತು ನೋಡಿ. ಪುಣ್ಯಕ್ಕೆ ಅಂಚೆಟ್ಟಿ ಕಡೆಗೆ ಹೋಗುವ ಒಂದು ಜೀಪು ಬಂತು. ಇಳಿದವನು "ಎನ್ನಾಚ್ಚು ಅಣ್ಣಾ?" ಎಂದ, ಏನಾಯಿತೆಂದು. ನಾನು ಬಾಯಿ ತೆರೆಯುವ ಮೊದಲೇ, ಹಲ್ಲು ಕಚ್ಚಿಕೊಂಡು ಮಲಗಿದ್ದ ಭಾವ ಹೇಳಿದರು.

"ನಾನ್ ದಾನ್ ಪ್ರೇಕ್ ವಿಟ್ಟುಟೇನ್." ನಾನೇ ಬ್ರೇಕ್ ಬಿಟ್ಟುಬಿಟ್ಟೆ ಎಂದು.

ಹೊಸೂರಿನ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ಅಕ್ಕ ಬಂದಾಗಲೂ ಭಾವ ಅದೇ ಮಾತು ಹೇಳಿದರು. "ಬೀಡಿ ಸೇದಕ್ಕೆ ಅಂತ ನಾನೇ ಇಳ್ದೆ ಕಣಮ್ಮಿ. ಇವನು ಅಡೀಲಿದ್ದ, ಮರೆತೇಬುಟ್ಟೆ. ಇವನು ಉಳ್ದಿದ್ದೇ ಹೆಚ್ಚು."

ಅಕ್ಕ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ನಿನಗೇನಾದರೂ ಆಗಿದ್ದರೆ ನಾನು ಯಾವ ಮುಖ ಇಟ್ಟುಕೊಂಡು ಬದುಕುತ್ತಿದ್ದೆ ಎಂದಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಹೌದಕ್ಕ, ಇಲ್ಲಕ್ಕ ಎಂದು ಏನೇನೋ ಗೊಣಗಿ ಔಷಧಿ ತರುವ ನೆಪ ಮಾಡಿ ಹೊರಗೆ ಬಂದೆ.

ಗಾಡಿಯನ್ನು ಎಳೆಸಿ ತಂದು, ಎರಡು ತುಂಡಿನ ಶಾಫ್ಟು ಹಾಕಿ, ಹ್ಯಾಂಡ್‌ಬ್ರೇಕಿಗೆ ಹೊಸ ವೈರು ಹಾಕಿ ಬೇರಿಕೆಯಲ್ಲಿ ಬಿಟ್ಟು ಬಂದೆ. ಓಡಿಸುವವರೇ ಇಲ್ಲ. ಭಾವನ ಎಡಗಾಲು ಮಂಡಿಯಲ್ಲಿ ಬಗ್ಗುವುದಿಲ್ಲ, ಕ್ಲಚ್ ತುಳಿಯಲು ಆಗುವುದಿಲ್ಲ. ಕೋಲು ಹಿಡಿದು ಅಂಗಳದ ತನಕ ಬರುತ್ತಾರೆ. ಗಾಡಿಯ ಬಾನೆಟ್ ಒರೆಸಿ ಮತ್ತೆ ಟಾರ್ಪಾಲು ಹೊದಿಸುತ್ತಾರೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು.

ಅಷ್ಟು ದಿನವೂ ನಾನು ನಂಬಿದ್ದು ಭಾವನ ಮಾತನ್ನೇ. ಬೀಡಿಗೆಂದು ಇಳಿದಿದ್ದಾರೆ, ಅದಾದ ಮೇಲೆ ಆ ಇನ್ನೊಂದು ಬಂದು ಕೂತಿದೆ, ಹೀಗೆ. ಅವರದ್ದೊಂದು ತಪ್ಪು, ನನ್ನದೊಂದು ತಪ್ಪು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೂ ರಾತ್ರಿ ಮಲಗಿದರೆ ಆ ನಿಧಾನವಾಗಿ ಏಳುವ ಪೆಡಲೇ ಕಣ್ಣಿಗೆ ಬರುತ್ತಿತ್ತು. ಕೊನೆಗೆ ತಡೆಯಲಾರದೆ ಒಂದು ದಿನ ಬೇರಿಕೆಗೆ ಹೋದೆ. ಅಕ್ಕ ಒಳಗೆ ಅಡಿಗೆ ಮಾಡುತ್ತಿದ್ದಳು. ಜಗುಲಿಯ ಮೇಲೆ ಭಾವನ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಖಾಲಿ ಸೀಟು, ಹೂಂ ಎಂದ ದನಿ, ವಾಸನೆ, ಕಾಲು ಚಾಚಿ ಹಿಂದಕ್ಕೆ ಎಳೆದುಕೊಂಡದ್ದು, ನಿಂತು ನೋಡಿದ್ದು, ಒಂದನ್ನೂ ಬಿಡಲಿಲ್ಲ.

ಭಾವ ಕೋಲಿನ ತುದಿಯಿಂದ ನೆಲ ಕೆರೆದರು. ಆಮೇಲೆ ಒಳಗೆ ಅಕ್ಕನಿಗೆ ಕೇಳಿಸದ ಹಾಗೆ ಹೇಳಿದರು.

"ನನ್ತಾವ ಯಾಕ್ಲಾ ಕತೆ ಕಟ್ತೀಯ?"

"ಕತೆ ಅಲ್ಲ ಭಾವ."

"ನೀನೇ ತಾನೆ ಕಿಟ್ಕಿತಾವ ಬಂದಿದ್ದು? ಇಳೀರಿ ಭಾವ, ನಿಮ್ಗೆ ನಿದ್ದೆ ಬತ್ತಾ ಇದೆ, ನಾನು ತುಳ್ಕೊಂತೀನಿ, ನೀವು ಹಿಂದೆ ಹೋಗಿ ಕಲ್ಲು ಮ್ಯಾಲೆ ಕೂತ್ಕೊಳಿ, ಆನೆ ಬಂದ್ರೆ ಹೇಳಿ ಅಂದೆ. ಬಾಗ್ಲು ತೆಗ್ದು ನನ್ ಕಾಲ್ ಮ್ಯಾಲೆ ಕಾಲಿಟ್ಟು ಪೆಡ್ಲು ತಕ್ಕೊಂಡೆ. ನಾನು ಕಾಲು ಎಳ್ಕೊಂಡು ಇಳ್ದೆ. ಹಿಂದೆ ಹೋಗಿ ಕೂತಿದ್ದೊಂದ್ ಗೊತ್ತು, ಮಂಪರು ಹತ್ಬುಡ್ತು." ಅವರು ನನ್ನ ಮುಖ ನೋಡಲಿಲ್ಲ. "ನೀನೂ ದಣ್ದಿದ್ದೆ. ನಿಂಗೂ ಕಣ್ಣು ಹತ್ತಿರ್ತದೆ. ಕಾಲು ಜಾರಿರ್ತದೆ. ಆಯ್ತದೆ. ಮೆಕ್ಯಾನಿಕ್ಕು ಬ್ರೇಕ್ ಬಿಟ್ಟ ಅಂತ ಊರಿಗೆಲ್ಲ ಗೊತ್ತಾದ್ರೆ ನಿನ್ ಶೆಡ್ಡಿಗೆ ಯಾರು ಬತ್ತಾರೆ? ಅದಕ್ಕೇ ನಾನೇ ಬಿಟ್ಟೆ ಅಂದಿದ್ದು. ನಿಮ್ಮಕ್ಕನ್ತಾವೂ ಹೇಳಿಲ್ಲ."

ಬಾಗಿಲು ತೆರೆದು ಮುಚ್ಚಿದ ಆ ಹೊತ್ತಿನಲ್ಲಿ ನಾನು ಗಾಡಿಯಡಿ ಅಂಗಾತ ಮಲಗಿ ಎರಡೂ ಕೈಯಲ್ಲಿ ಶಾಫ್ಟು ಎತ್ತಿ ಹಿಡಿದಿದ್ದೆ. ಆ ಭಾರ ನನ್ನ ತೋಳಿಗೆ ಈಗಲೂ ನೆನಪಿದೆ. ಮೇಲೆ ಯಾರೂ ಮಾತನಾಡಿದ್ದು ನನಗೆ ಕೇಳಿಸಿರಲಿಲ್ಲ. ಹಾಗಾದರೆ ನನ್ನ ಮುಖ ಇಟ್ಟುಕೊಂಡು, ನನ್ನ ದನಿಯಲ್ಲಿ ಭಾವ ಎಂದು ಕರೆದು, ಅವರನ್ನು ಇಳಿಸಿ ಆ ಕಲ್ಲಿನ ಮೇಲೆಯೇ ಕೂರಿಸಿದ್ದು ಯಾರು? ನನಗೆ ಇವತ್ತಿಗೂ ಗೊತ್ತಿಲ್ಲ. ಸಂಜೆಯ ಮೇಲೆ ಯಾರ ಗಾಡಿಯಡಿಯೂ ನಾನೀಗ ಮಲಗುವುದಿಲ್ಲ.

"ಭಾವ, ನಾನು ಕಿಟ್ಕಿ ಹತ್ರ ಬರ್ಲೇ ಇಲ್ಲ" ಎಂದೆ. ಹೇಳುವಾಗಲೇ ಅದು ಎಂಥ ಸುಳ್ಳಿನ ಹಾಗೆ ಕೇಳಿಸುತ್ತದೆ ಎಂದು ನನಗೇ ಗೊತ್ತಾಯಿತು. ಬಂದವನು ನಾನಲ್ಲ ಎಂದು ಸಾಧಿಸಿದರೂ, ಕೊನೆಗೆ ಆ ಬಾಗಿಲಲ್ಲಿ ಕಾಲು ಎಳೆದುಕೊಂಡು ನಿಂತವನು ನಾನೇ ಅಲ್ಲವೇ.

ಭಾವ ನನ್ನ ತೊಡೆ ತಟ್ಟಿದರು.

"ಆಯ್ತು ಬಿಡು. ಬರ್ಲಿಲ್ಲ ಅಂತ್ಲೇ ಇಟ್ಕೊಳಾನ" ಎಂದರು.

ಅಷ್ಟರಲ್ಲಿ ಅಕ್ಕ ಊಟಕ್ಕೆ ಕರೆದಳು. ಭಾವನಿಗೆ ನೆಲದ ಮೇಲೆ ಕೂರಲು ಆಗುವುದಿಲ್ಲ, ಕುರ್ಚಿಯ ಮೇಲೆ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಣ್ಣುತ್ತಾರೆ. ನಾನು ಅವರ ಆ ನೆಟ್ಟಗೆ ಚಾಚಿದ ಕಾಲಿನ ಪಕ್ಕದಲ್ಲಿ, ನೆಲದ ಮೇಲೆ ಕೂತೆ.

"ಅವನ್ಗೆ ಇನ್ನೊಂದು ಮುದ್ದೆ ಇಕ್ಕು, ದೂರದಿಂದ ಬಂದವ್ನೆ" ಎಂದರು ಭಾವ.

ಅಕ್ಕ ಇಕ್ಕಿದಳು. ನಾನು ತಲೆ ಎತ್ತದೆ ಉಂಡೆ.